ಮಾವನ ಕೋಣೆಯ ದೀಪ

ಲ್ಯಾಪ್‌ಟಾಪಿನ ಪರದೆಯ ಮೇಲೆ ಚಿಕ್ಕ ಸೊಸೆಯ ಕೈಗಳು ಕುಪ್ಪಳಿಸುತ್ತಿದ್ದವು. ಕ್ರೋಶಾ ಕಡ್ಡಿ ಈಗ ತಾನೇ ನೂಲಿನ ಕೆಳಗಿತ್ತು ಅನ್ನುವಷ್ಟರಲ್ಲಿ ಕುಣಿಕೆಯ ಆಚೆ ನಿಂತಿರುತ್ತಿತ್ತು. ನಡುವೆ ಏನಾಯಿತೆಂಬುದು ಆ ಕಡ್ಡಿಗೇ ಗೊತ್ತು. ಮಾತು ಮಾತ್ರ ಎಲ್ಲಿಯೂ ತಡೆಯದೆ ಸರಾಗವಾಗಿ ಬರುತ್ತಿತ್ತು.

"ನೂಲನ್ನ ಹೀಗೆ ಸುತ್ತಿ, ಹೀಗೆ ಒಳಗೆ ಹೋಗಿ, ಹೀಗೆ ಎಳ್ಕೊಳ್ಳಿ..."

ಹೀಗೆ ಎಂದರೆ ಹೇಗೆ ಎಂದು ನೋಡುವವರಿಗೆ ಕಾಣಬೇಕಲ್ಲ? ಪರದೆಯ ಪಕ್ಕದಲ್ಲಿ ಅವರ ಗೊಣಗಾಟ ಸಾಲುಸಾಲಾಗಿ ಏರುತ್ತಿತ್ತು.

"ಟೀಚರ್, ನಿಮ್ಮ ಕೈ ಮಿಡತೆ ಥರ ಹಾರ್ತಿದೆ."

"ನನ್ನ ಚೌಕ ಗಾಳಿಪಟ ಆಗಿದೆ ಮೇಡಂ. ನಿಮ್ಮ ವಿಡಿಯೋ ನಡುವೆ ಕುಣಿಕೆ ನುಂಗ್ತಾ ಇದೆ."

"ಅಕ್ಕಾ!" ಚಿಕ್ಕ ಸೊಸೆ ನೋಡುವವರಿಗೆ ಕೇಳದಂತೆ ಧ್ವನಿಯನ್ನು ಮುಚ್ಚಿ ಒಳಗೆ ಕೂಗಿದಳು. "ಅಕ್ಕಾ, ಮತ್ತೆ ಶುರು ಆಯ್ತು, ಬನ್ನಿ!"

ದೊಡ್ಡ ಸೊಸೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದು ಪರದೆಗೆ ಬಗ್ಗಿದಳು. ನೇರಪ್ರಸಾರದ ಆ ತಂತ್ರಾಂಶ ಕೆಳಗಿನ ಮೂಲೆಯಲ್ಲಿ ತನ್ನ ವರದಿ ತಾನೇ ಒಪ್ಪಿಸುತ್ತಿರುತ್ತದೆ. ದಾರಿಯಲ್ಲಿ ಕಳೆದುಹೋದ ಫ್ರೇಮುಗಳು, ಅಂದರೆ ಬಿಡಿ ಚಿತ್ರಗಳು, ಎನ್ನುವ ಕಡೆ ಸೊನ್ನೆ ಇತ್ತು. ಅಂದರೆ ಲ್ಯಾಪ್‌ಟಾಪಿನ ತಪ್ಪಲ್ಲ, ನೆಟ್ಟಿನ ತಪ್ಪೂ ಅಲ್ಲ. ಅವಳು ಹುಬ್ಬು ಗಂಟಿಕ್ಕಿ, ಬಹಳ ಯೋಚನೆ ಮಾಡಿದವಳ ಹಾಗೆ ಹೇಳಿದಳು: "ನೆಟ್ಟೇ ಇರ್ಬೇಕು ಕಣೆ."

ಹೇಳಿ ಮತ್ತೆ ಅಡುಗೆಮನೆಗೆ ಹೋಗಿ ಬಟಾಣಿ ಬಿಡಿಸುತ್ತ ಕೂತಳು. ಅವತ್ತು ಬಟಾಣಿ ಬಹಳ ಸಿಹಿಯಾಗಿತ್ತು.

ಈ ಮನೆಯಲ್ಲಿ ಕ್ರೋಶಾ ತರಗತಿ ಶುರು ಮಾಡಿದ್ದೇ ಅವಳು. ಆಗ ಎಲ್ಲರೂ ನಕ್ಕಿದ್ದರು. "ಮುಖ ತೋರಿಸಿದ್ರೇ ಜನ ನೋಡಲ್ಲ, ಬರೀ ಕೈ ತೋರಿಸಿದ್ರೆ ಯಾರು ನೋಡ್ತಾರೆ ಅತ್ತಿಗೆ?" ಎಂದಿದ್ದ ಮೈದುನ. ಅವಳು ನಗುವವರನ್ನು ನಗಲು ಬಿಟ್ಟು, ಯಾರೋ ಬಳಸಿ ಮಾರಿದ ಲ್ಯಾಪ್‌ಟಾಪೊಂದನ್ನು ತಂದು, ಅದಕ್ಕೊಂದು ಪುಟ್ಟ ಕ್ಯಾಮೆರಾ ಚುಚ್ಚಿ, ಕ್ಯಾಮೆರಾದ ಕತ್ತನ್ನು ತನ್ನ ಕೈಗಳ ಮೇಲೆ ಬಗ್ಗಿಸಿ, ಮುಂದಿನ ಕೋಣೆಯ ಕಿಟಕಿಯ ಪಕ್ಕ ಮೇಜು ಹಾಕಿಕೊಂಡು ಕೂತಿದ್ದಳು. ಮೊದಮೊದಲು ಅವಳ ಕೈಯೂ ಹೀಗೇ ಕುಪ್ಪಳಿಸಿತ್ತು. ಅದರ ಮೂಲ ಹಿಡಿಯಲು ಅವಳಿಗೆ ಬಹಳ ದಿನ ಬೇಕಾಯಿತು. ಬೆಳಕು ಸಾಲದಿದ್ದರೆ ಆ ಕ್ಯಾಮೆರಾ ಒಂದೊಂದು ಚಿತ್ರಕ್ಕೂ ಹೆಚ್ಚು ಹೊತ್ತು ಕಣ್ಣು ತೆರೆದುಕೊಂಡು ಕೂರುತ್ತದೆ. ಚಿತ್ರವೇನೋ ಬೆಳ್ಳಗೆ ಬರುತ್ತದೆ, ಆದರೆ ಸೆಕೆಂಡಿಗೆ ಬರಬೇಕಾದ ಚಿತ್ರಗಳಲ್ಲಿ ಅರ್ಧವೂ ಬರುವುದಿಲ್ಲ. ನೋಡುವವರಿಗೆ ಕತ್ತಲು ಕಾಣದು, ಕುಪ್ಪಳಿಸುವುದಷ್ಟೇ ಕಾಣುತ್ತದೆ. ಹಾಗಾಗಿ ಬೆಳಕಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಅವಳು ತವರಿನಿಂದ ತನ್ನ ಹೊಲಿಗೆಯ ದೀಪ ತರಿಸಿದಳು. ಎತ್ತ ಬೇಕೆಂದರೆ ಅತ್ತ ಕತ್ತು ತಿರುಗಿಸುವ ಹಸಿರು ಬಣ್ಣದ ಮೇಜಿನ ದೀಪ. ಅದನ್ನು ಹಚ್ಚಿದ್ದೇ ತಡ, ಕೈಗಳು ಎಣ್ಣೆ ಹಾಕಿದಂತೆ ಓಡಾಡಿದವು. ನೋಡುವವರು ಹೆಚ್ಚಿದರು, 'ಟೀಚರ್' ಎಂದರು.

ಆಮೇಲೆ ಅವಳ ತಾಯಿ ಹಾಸಿಗೆ ಹಿಡಿದರು. ಹೊರಡುವ ದಿನ ಚಿಕ್ಕ ಸೊಸೆ ಅವಳ ಚೀಲಕ್ಕೆ ಬ್ರೆಡ್ಡು, ಹಣ್ಣು, ದಾರಿಗೆ ನೀರು ಎಲ್ಲ ತುಂಬಿಸಿ ಕೊಟ್ಟು, "ಕ್ಲಾಸು ನಿಂತ್ರೆ ಜನ ಬೇರೆ ಕಡೆ ಹೋಗಿಬಿಡ್ತಾರೆ ಅಕ್ಕಾ. ನೀವು ಬರೋವರೆಗೂ ನಾನು ಕೂತಿರ್ತೀನಿ," ಎಂದಿದ್ದಳು. ದೊಡ್ಡ ಸೊಸೆಯ ಕಣ್ಣು ತುಂಬಿತ್ತು.

ತಾಯಿ ಚೇತರಿಸಿಕೊಂಡು, ಇವಳು ಮರಳಿ ಬರುವ ಹೊತ್ತಿಗೆ ಮೇಜು ಕಿಟಕಿ ಬಿಟ್ಟು ಗೋಡೆಯ ಕಡೆಗೆ ಹೋಗಿತ್ತು. ಹಿಂದೆ ನೀಲಿ ಪರದೆ ಬಂದಿತ್ತು. ತರಗತಿಯ ಹೆಸರೇ 'ಗುಬ್ಬಿ ಟೀಚರ್' ಎಂದಾಗಿತ್ತು. ಗುಬ್ಬಿ ಎನ್ನುವುದು ಚಿಕ್ಕ ಸೊಸೆಯನ್ನು ಅವಳ ತವರಿನಲ್ಲಿ ಕರೆಯುತ್ತಿದ್ದ ಹೆಸರು. ಇವಳ ಕುರ್ಚಿ, ಇವಳ ಕಡ್ಡಿಗಳು, ಇವಳು ಯೋಚಿಸಿ ಹೆಣೆದ ಹೂವಿನ ಚೌಕ, ಎಲ್ಲವೂ ಈಗ ಗುಬ್ಬಿಯದು.

"ಯಾರ ಕೈ ಆದ್ರೇನು, ಮನೆ ಒಂದೇ ತಾನೆ?" ಎಂದರು ಅತ್ತೆ. "ಅವಳಿಗೂ ಅಭ್ಯಾಸ ಆಗಿದೆ. ನೀನು ದಣಿದು ಬಂದಿದ್ದೀಯ ದೊಡ್ಡೋಳೆ, ಅಡುಗೆಮನೇಲಿ ಸ್ವಲ್ಪ ದಿನ ಆರಾಮಾಗಿರು."

ಅಡುಗೆಮನೆಯಲ್ಲಿ ಆರಾಮಾಗಿರುವುದು ಹೇಗೆಂದು ಅತ್ತೆ ಹೇಳಲಿಲ್ಲ.

ದೊಡ್ಡ ಸೊಸೆ ಜಗಳ ಕಾಯಲಿಲ್ಲ, ಅಳಲೂ ಇಲ್ಲ. ಮೇಜಿನ ಮೇಲಿದ್ದ ಹಸಿರು ದೀಪವೊಂದನ್ನೇ ಎತ್ತಿಕೊಂಡು ಮಾವನ ಕೋಣೆಗೆ ಹೋದಳು. ಮಾವ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸದಲ್ಲಿ ಆಯುಸ್ಸು ಕಳೆದವರು. ಈಗಲೂ ಪತ್ರಿಕೆಯನ್ನು ಮೊದಲ ಅಕ್ಷರದಿಂದ ಕೊನೆಯ ಅಕ್ಷರದವರೆಗೆ ಓದದೆ ಬಿಡುವವರಲ್ಲ ಎಂಬುದು ಮನೆಯವರೆಲ್ಲರ ನಂಬಿಕೆ.

"ಮಾವನವರಿಗೆ ಓದೋಕೆ ಬೇಕಲ್ಲ," ಎಂದಳು ಎಲ್ಲರಿಗೂ ಕೇಳುವಂತೆ.

ಅತ್ತೆ, "ನೋಡಿ, ನಾವು ಹೆತ್ತ ಮಕ್ಕಳಿಗೆ ಇದು ಹೊಳೀಲಿಲ್ಲ," ಎಂದು ಪಕ್ಕದ ಮನೆಯವರಿಗೂ ಹೇಳಿ ಬಂದರು. ಮಾವ ದೀಪದ ಕತ್ತು ಸವರಿ, "ನನ್ನ ಕೋಣೆಗೆ ಹಗಲು ತಂದೆಯಲ್ಲಮ್ಮ," ಎಂದರು. ಇಷ್ಟು ಹೊಗಳಿಕೆ ಅವಳಿಗೆ ಮದುವೆಯಾದ ಹೊಸತರಲ್ಲೂ ಸಿಕ್ಕಿರಲಿಲ್ಲ.

ಮರುದಿನದ ತರಗತಿಯಿಂದಲೇ ಗುಬ್ಬಿಯ ಕೈಗಳು ಕುಪ್ಪಳಿಸತೊಡಗಿದವು.

ದೊಡ್ಡ ಸೊಸೆಗೆ ಬೇಕಾಗಿದ್ದು ಒಂದೇ. ಆ ಕುರ್ಚಿಯಿಂದ ಚಿಕ್ಕವಳು ತಾನಾಗಿಯೇ, ನಾಲ್ಕು ಜನರೆದುರು, ಮುಖ ಮುಚ್ಚಿಕೊಂಡು ಎದ್ದು ಹೋಗಬೇಕು. ಎಬ್ಬಿಸುವ ಕೆಲಸ ತನ್ನದಲ್ಲ. ತಾನು ಬರೀ ರಿಪೇರಿಗೆ ಸಹಾಯ ಮಾಡುವವಳು.

ರಿಪೇರಿಯೂ ಭರದಿಂದ ನಡೆಯಿತು. ಮೈದುನ ವಿದ್ಯುತ್ ಸಾಮಾನಿನ ಅಂಗಡಿಯಲ್ಲಿ ಫ್ರಿಜ್ಜು ಮಾರುವವನು. ಕಂಪ್ಯೂಟರ್ ಎಂದರೆ ತನಗೆ ತಿಳಿಯದ್ದಿಲ್ಲ ಎನ್ನುವುದು ಅವನ ಅಭಿಪ್ರಾಯ. ಅಪ್ಪ ಅವನನ್ನು 'ಇಂಜಿನಿಯರ್ ಸಾಹೇಬ್ರು' ಎಂದು ಕರೆಯುತ್ತಿದ್ದರು. ಅವನು ಅದನ್ನು ಮೆಚ್ಚುಗೆ ಎಂದೇ ತಿಳಿದಿದ್ದ.

"ಸೆಕೆಂಡಿಗೆ ಅರವತ್ತು ಫ್ರೇಮು ಕೇಳಿದ್ದೀಯ, ಪಾಪದ ಲ್ಯಾಪ್‌ಟಾಪು ಎಲ್ಲಿಂದ ತರುತ್ತೆ? ಮೂವತ್ತಕ್ಕೆ ಇಳಿಸು," ಎಂದ ಹೆಂಡತಿಗೆ. ಇಳಿಸಿದಳು. ಕೈಗಳು ಕುಪ್ಪಳಿಸಿದವು.

"ಚಿತ್ರದ ಅಳತೆ ದೊಡ್ಡದಾಯ್ತು." ಚಿಕ್ಕದು ಮಾಡಿದರು. ಈಗ ಚಿಕ್ಕ ಕೈಗಳು ಕುಪ್ಪಳಿಸಿದವು.

"ಚಾರ್ಜರ್ ಹಾಕಿಲ್ಲ ಅಂದ್ರೆ ಲ್ಯಾಪ್‌ಟಾಪು ಸೋಮಾರಿ ಆಗುತ್ತೆ." ಚಾರ್ಜರ್ ಹಾಕಿದರು. ಕ್ಯಾಮೆರಾದ ತಂತಿ ಬದಲಾಯಿತು. ತಂತ್ರಾಂಶವನ್ನು ಕಿತ್ತು ಮತ್ತೆ ಹಾಕಿದ್ದಾಯಿತು. ಲ್ಯಾಪ್‌ಟಾಪ್ ಬಿಸಿಯಾಗುತ್ತಿರಬೇಕೆಂದು ಅದರ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಬಾಟಲಿ ಮುಚ್ಚಳ ಇಟ್ಟರು. ಅದು ಪುಟ್ಟ ಮಂಚದ ಮೇಲೆ ಮಲಗಿದ ರೋಗಿಯ ಹಾಗೆ ಕಂಡಿತು.

ಸಲಹೆ ಬತ್ತಿದಾಗಲೆಲ್ಲ ದೊಡ್ಡ ಸೊಸೆ ಒಂದು ಎಸೆಯುತ್ತಿದ್ದಳು. "ಮನೇಲಿ ಬೇರೆ ಯಾರೂ ನೆಟ್ಟು ಮುಟ್ಟಬಾರದೇನೋ," ಎಂದಳು ಒಂದು ದಿನ, ಆಲೂಗಡ್ಡೆ ಬಡಿಸುತ್ತ.

ಏಟು ಅತ್ತೆಗೆ ಬಿತ್ತು. ಅವರ ಧಾರಾವಾಹಿ ಬರುವುದು ಸರಿಯಾಗಿ ತರಗತಿಯ ಹೊತ್ತಿಗೆ.

"ನಾನು ಟಿವಿ ಹಾಕಿದ್ರೆ ಇವಳ ಕೈ ಯಾಕೆ ಹಾರ್ಬೇಕು?" ಎಂದರು ಅತ್ತೆ.

"ಎರಡೂ ಒಂದೇ ನೆಟ್ಟಿಂದ ಬರೋದಮ್ಮ," ಎಂದ ಮೈದುನ. "ನಿನ್ನ ಧಾರಾವಾಹಿ ಅಷ್ಟನ್ನೂ ಕುಡಿದುಬಿಡುತ್ತೆ."

"ಆ ಹುಡುಗಿ ಮದುವೆ ಇವತ್ತೋ ನಾಳೇನೋ ಅನ್ನೋ ಹಾಗಿದೆ ಕಣೋ!"

"ಒಂದು ವಾರ ತಡ್ಕೋ. ಅವಳ ಮದುವೆ ಎಲ್ಲೂ ಓಡಿಹೋಗಲ್ಲ."

ಅತ್ತೆ ತುಟಿ ಬಿಗಿದು ಟಿವಿ ಆರಿಸಿದರು. ತರಗತಿ ಮುಗಿಯುವವರೆಗೂ ಆರಿದ ಟಿವಿಯ ಎದುರೇ ಕೂತು, ಚಿಕ್ಕ ಸೊಸೆ ಕೆಮ್ಮಿದಾಗ ಸದ್ದಿಲ್ಲದೆ ಎದ್ದು ನೀರು ತಂದಿಟ್ಟರು. ವಾರ ಒಂದಾಯಿತು, ಎರಡಾಯಿತು. ಹುಡುಗಿಯ ಮದುವೆ ಏನಾಯಿತೋ ದೇವರಿಗೇ ಗೊತ್ತು.

ಈ ಗದ್ದಲದಲ್ಲೆಲ್ಲ ಮಾತಾಡದೆ ಊಟ ಮಾಡುತ್ತಿದ್ದವನು ದೊಡ್ಡ ಮಗ ಒಬ್ಬನೇ. ಬಸ್ಸುಗಳ ರಿಪೇರಿ ಶೆಡ್ಡಿನಲ್ಲಿ ಕೆಲಸ ಅವನಿಗೆ. ಒಂದು ಬೆಳಿಗ್ಗೆ ಬೂಟಿನ ದಾರ ಕಟ್ಟುತ್ತ ಹೆಂಡತಿಯ ಮುಖ ನೋಡಿ ಅಂದ:

"ರಿಪೇರಿ ಮಾಡೋರ ಮುಖ ನಂಗೆ ಗೊತ್ತು. ನಿಂದು ಅದಲ್ಲ."

"ಮತ್ತೆ ಯಾವುದು?"

"ಸುಮ್ನೆ ನಿಂತು ನೋಡೋರ ಮುಖ."

"ನೋಡೋಕೂ ತೆರಿಗೆ ಕಟ್ಬೇಕಾ?" ಎಂದು ಅವಳು ಊಟದ ಡಬ್ಬಿಯನ್ನು ಅವನ ಕೈಗೆ ಸ್ವಲ್ಪ ಜೋರಾಗಿಯೇ ಇಟ್ಟಳು. ಅವನು ಮತ್ತೆ ಆ ಮಾತು ಎತ್ತಲಿಲ್ಲ.

ಸಂಜೆ ಚಹಾ ಕೊಡಲು ಹೋದಾಗಲೆಲ್ಲ ಮಾವ ದೀಪದ ಕೆಳಗೆ ಪತ್ರಿಕೆ ಹಿಡಿದು ಕೂತಿರುತ್ತಿದ್ದರು. ಅದನ್ನು ನೋಡಿದರೆ ಅವಳ ಎದೆ ತಣ್ಣಗಾಗುತ್ತಿತ್ತು. ಸೇಡೂ ತೀರುತ್ತಿದೆ, ಮುದುಕರಿಗೂ ಒಳ್ಳೆಯದಾಗುತ್ತಿದೆ. ಇಷ್ಟು ಅಚ್ಚುಕಟ್ಟಾದ ಸೇಡನ್ನು ಯಾರು ತೀರಿಸಿದ್ದಾರೆ?

ಒಂದೇ ಒಂದು ಸಂಗತಿ ಅವಳಿಗೆ ಅರ್ಥವಾಗಲಿಲ್ಲ. ಚಿಕ್ಕವಳು ಗೋಳಾಡುತ್ತಿದ್ದಳು, ಗಂಡನ ಮೇಲೆ ರೇಗುತ್ತಿದ್ದಳು, ಆದರೆ ಸೊರಗುತ್ತಿರಲಿಲ್ಲ. ತರಗತಿ ಮುಗಿಸಿ ಏಳುವಾಗ ಅವಳ ಮುಖದ ಮೇಲೆ ನಿರಾಳ ಇರುತ್ತಿತ್ತು.

ಅದು ಅರ್ಥವಾದದ್ದು ಕೈ ಸುಟ್ಟುಕೊಂಡ ಮೇಲೆ.

ಚಿಕ್ಕ ಸೊಸೆ ಅತ್ತೆಗೆಂದು ಬಿಸಿ ಪಾತ್ರೆ ಹಿಡಿಯುವ ಒಂದು ಚೌಕ ಹೆಣೆದುಕೊಟ್ಟಿದ್ದಳು. ಅತ್ತೆ ಅದನ್ನು ಒಲೆಯ ಪಕ್ಕ ಮೊಳೆಗೆ ನೇತುಹಾಕಿ, ಬಂದವರಿಗೆಲ್ಲ ತೋರಿಸುತ್ತಿದ್ದರು. ಅವತ್ತು ಅವಸರದಲ್ಲಿ ದೊಡ್ಡ ಸೊಸೆ ಅದರಿಂದಲೇ ಕುದಿಯುವ ಪಾತ್ರೆಯನ್ನು ಹಿಡಿದು ಎತ್ತಿದಳು. ಒಂದು ಕೈಗೆ ಬಟ್ಟೆ ಸಾಕಷ್ಟಿತ್ತು. ಇನ್ನೊಂದು ಕೈಯ ಹೆಬ್ಬೆರಳು ಬರೀ ಲೋಹಕ್ಕೆ ತಾಗಿ ಚುರ್ ಎಂದಿತು.

"ಅಯ್ಯಯ್ಯೋ! ಇಲ್ಲಿ ತಾ ಕೈ," ಎಂದು ಅತ್ತೆ ಓಡಿಬಂದು, ನಲ್ಲಿಯ ಕೆಳಗೆ ಹೆಬ್ಬೆರಳು ಹಿಡಿದು, ಚಿಕ್ಕ ಮಗುವಿಗೆ ಊದುವಂತೆ ಉಫ್ ಉಫ್ ಎಂದು ಊದಿದರು. "ನೋಡ್ಕೊಂಡು ಹಿಡಿಯೋದಲ್ವಾ? ನಂಗೂ ಎರಡು ಸಲ ಹೀಗೇ ಆಗಿದೆ. ಗುಬ್ಬಿಗೆ ಹೇಳಬೇಡ, ಆಸೆಯಿಂದ ಮಾಡಿದ್ದಾಳೆ."

ಹೆಬ್ಬೆರಳು ಉರಿಯುತ್ತಿದ್ದರೂ ದೊಡ್ಡ ಸೊಸೆಯ ಕಣ್ಣು ಆ ಬಟ್ಟೆಯ ಮೇಲಿತ್ತು. ಅದು ಚೌಕವೇ ಅಲ್ಲ. ಒಂದು ತುದಿ ಅಗಲ, ಇನ್ನೊಂದು ತುದಿ ಸಪೂರ. ಸಾಲು ಸಾಲು ಬೆರಳಾಡಿಸಿದಳು. ಪ್ರತಿ ಸಾಲಿನ ಕೊನೆಯ ಕುಣಿಕೆ ಇಲ್ಲ. ತಿರುವಿನಲ್ಲಿ ಕೊನೆಯ ಕುಣಿಕೆಯೊಳಗೆ ಕಡ್ಡಿ ಹಾಕಬೇಕೆಂದು ಗುಬ್ಬಿಗೆ ತಿಳಿದಿರಲಿಲ್ಲ. ಅಥವಾ ಹಾಕಲು ಬರುತ್ತಿರಲಿಲ್ಲ. ಸಾಲಿಗೊಂದು ಕಳೆದು ಕಳೆದು ಚೌಕ ಗಾಳಿಪಟವಾಗಿತ್ತು.

ನೋಡುವವರ ಚೌಕಗಳೂ ಗಾಳಿಪಟ ಆಗಿದ್ದವಲ್ಲ! ಅವರು ಯಾರನ್ನು ಬೈದರು? ವಿಡಿಯೋವನ್ನು.

ದೊಡ್ಡ ಸೊಸೆ ಒದ್ದೆ ಕೈಯಲ್ಲೇ ಸಿಡಿಲು ಬಡಿದವಳ ಹಾಗೆ ನಿಂತಳು. ಇಷ್ಟು ವಾರ ತಾನು ಕಷ್ಟಪಟ್ಟು ಕಾಪಾಡಿಕೊಂಡು ಬಂದ ಆ ಕುಪ್ಪಳಿಕೆ ಗುಬ್ಬಿಗೆ ಏಟಲ್ಲ, ಮುಸುಕು. ಅದರೊಳಗೆ ಅವಳು ಬೆಚ್ಚಗೆ ಕೂತಿದ್ದಾಳೆ. ಚಿತ್ರ ನೆಟ್ಟಗೆ ಬಂದ ದಿನ ಅವಳ ಕೈ ಜಗತ್ತಿಗೇ ಕಾಣುತ್ತದೆ.

"ತುಂಬಾ ಉರೀತಿದೆಯೇನೆ?" ಎಂದರು ಅತ್ತೆ.

"ಹೂಂ ಅತ್ತೆ," ಎಂದಳು ದೊಡ್ಡ ಸೊಸೆ. "ಈಗ ಉರೀತಿದೆ."

ಅದೇ ವಾರ ನೂಲಂಗಡಿಯ ಒಡತಿಯ ಫೋನು ಬಂತು. ದೊಡ್ಡ ಸೊಸೆ ಶುರುವಿನಿಂದ ನೂಲು ತರುತ್ತಿದ್ದ ಅಂಗಡಿ ಅದು. ಚಿಕ್ಕ ಸೊಸೆ ಎಲ್ಲರಿಗೂ ಕೇಳಲೆಂದು ಫೋನಿನ ಧ್ವನಿ ಜೋರು ಮಾಡಿದಳು.

"ನಮ್ಮ ಅಂಗಡಿ ಪ್ರದರ್ಶನ ಇದೆ. ಅವತ್ತು ನಿಮ್ಮ ಕ್ಲಾಸು ನಮ್ಮ ದೊಡ್ಡ ಪರದೆ ಮೇಲೆ ಹಾಕ್ತೀನಿ. ಇನ್ಮೇಲೆ ನಮ್ಮ ಮಹಡೀಲೇ ವಾರವಾರ ಕ್ಲಾಸು ನಡೆಸೋ ಯೋಚನೆ ಇದೆ, ಟೀಚರ್ ಬೇಕು. ಅವತ್ತು ನೋಡಿ ತೀರ್ಮಾನ ಮಾಡ್ತೀನಿ. ಆದ್ರೆ ಆ ವಿಡಿಯೋ ಒಂದು ಸರಿ ಮಾಡ್ಕೊಳಿ ಗುಬ್ಬಿ, ನೋಡೋಕಾಗಲ್ಲ."

ಚಿಕ್ಕ ಸೊಸೆಯ ಮುಖ ಅರಳಿ, ಕೊನೆಯ ಮಾತಿಗೆ ಬಾಡಿತು. "ಅದೇ ಸರಿಹೋಗ್ತಿಲ್ಲ ಮೇಡಂ. ಅಕ್ಕನೂ ಎಷ್ಟು ಒದ್ದಾಡ್ತಿದ್ದಾರೆ."

"ಅವತ್ತು ಸರಿಹೋಗುತ್ತೆ," ಎಂದಳು ದೊಡ್ಡ ಸೊಸೆ. "ನಾನು ಸರಿ ಮಾಡ್ತೀನಿ."

ಚಿಕ್ಕ ಸೊಸೆ ತಟ್ಟನೆ ಅವಳ ಕಡೆ ತಿರುಗಿ ನೋಡಿದಳು. ಆ ನೋಟ ಒಂದು ಕ್ಷಣ ಮೇಜಿನ ಖಾಲಿ ಮೂಲೆಗೆ ಹೋಗಿ ಬಂತು. ಹಿಂದೆ ದೀಪ ಇರುತ್ತಿದ್ದ ಮೂಲೆ.

ಪ್ರದರ್ಶನದ ದಿನ ತರಗತಿಗೆ ಸ್ವಲ್ಪ ಮೊದಲು ದೊಡ್ಡ ಸೊಸೆ ಮಾವನ ಕೋಣೆಗೆ ಹೋದಳು. ಮಾವ ಹಾಸಿಗೆಯ ಅಂಚಿನಲ್ಲಿ ಕೂತು, ತೊಳೆದ ಕಾಲುಚೀಲಗಳನ್ನು ಸವರಿ ನೋಡಿ ಜೋಡಿ ಮಾಡುತ್ತಿದ್ದರು.

"ಮಾವ, ಒಂದು ಗಂಟೆ ದೀಪ ಬೇಕಿತ್ತು."

"ತಗೊಳ್ಳಮ್ಮ. ಒಂದು ಗಂಟೆ ಯಾಕೆ, ನಿನ್ನ ಹತ್ರಾನೇ ಇರ್ಲಿ."

"ನಿಮಗೆ ಓದೋಕೆ?"

ಮಾವ ನಕ್ಕರು. "ಓದೋದು ನಿಂತು ಬಹಳ ಕಾಲ ಆಯ್ತು. ಅಕ್ಷರ ಎಲ್ಲ ಇರುವೆ ಥರ ಕಾಣುತ್ತೆ, ಹಿಡಿಯೋಕೆ ಹೋದ್ರೆ ಓಡಿಹೋಗುತ್ತೆ."

"ಮತ್ತೆ ದಿನಾ ಸಂಜೆ ಪೇಪರ್ ಹಿಡ್ಕೊಂಡು..."

"ನೀನು ಅಷ್ಟು ಪ್ರೀತಿಯಿಂದ ತಂದಿಟ್ಟೆ. ಪೇಪರ್ ಹಿಡೀದೆ ಸುಮ್ನೆ ಕೂತ್ರೆ ನಿನಗೆ ಬೇಜಾರಾಗಲ್ವಾ?"

 ಮಾವನ ಕೈಯಲ್ಲಿದ್ದ ಒಂದು ಕಂದು ಕಾಲುಚೀಲ, ಒಂದು ಕಪ್ಪು ಕಾಲುಚೀಲ ಜೋಡಿಯಾಗಿ ಮಡಚಿಕೊಂಡಿದ್ದವು. ಅವಳು ಮೆಲ್ಲಗೆ ಅವನ್ನು ತೆಗೆದುಕೊಂಡು ಸರಿಯಾದ ಜೋಡಿ ಮಾಡಿ ಇಟ್ಟಳು. ಒಂದು ಗಳಿಗೆ ಅಲ್ಲೇ ಕೂತುಬಿಡೋಣ ಅನ್ನಿಸಿತು. ಆದರೆ ಹೊರಗೆ ಚಿಕ್ಕ ಸೊಸೆಯ ದನಿ, "ಗುಬ್ಬಿ ಟೀಚರ್ ಮನೆಗೆ ಎಲ್ಲರಿಗೂ ಸ್ವಾಗತ," ಎನ್ನುತ್ತಿತ್ತು. ದೀಪದ ತಂತಿ ಆಗಲೇ ಅವಳ ಕೈಗೆ ಸುತ್ತಿಕೊಂಡಿತ್ತು.

ಮುಂದಿನ ಕೋಣೆಗೆ ಬಂದಾಗ ಪರದೆಯ ಮೇಲೆ ಎಂದಿನಂತೆ ಮಿಡತೆಗಳು ಹಾರುತ್ತಿದ್ದವು. ಮೈದುನ ಅಂಗಡಿಗೆ ರಜೆ ಹಾಕಿ ರೂಟರಿನ ಪಕ್ಕ ಕಾವಲು ನಿಂತಿದ್ದ. ಅತ್ತೆ ಆರಿದ ಟಿವಿಯ ಎದುರು ಕೂತಿದ್ದರು. ದೊಡ್ಡ ಸೊಸೆ ದೀಪವನ್ನು ಮೇಜಿನ ಮೇಲಿಟ್ಟಳು. ಚಿಕ್ಕ ಸೊಸೆ ಕಂಡವಳೇ ಧ್ವನಿ ಮುಚ್ಚಿದಳು.

"ಅಕ್ಕಾ, ಬೇಡ. ಮಾವನವರಿಗೆ ಬೇಕಾಗುತ್ತೆ."

"ಅವರೇ ಕೊಟ್ರು."

"ಅಕ್ಕಾ, ಇವತ್ತೊಂದು ದಿನ ಬೇಡ. ಕೈ ಮುಗೀತೀನಿ."

"ವಿಡಿಯೋ ಸರಿ ಮಾಡಿ ಅಂತ ನೀನೇ ತಾನೆ ಗೋಳಾಡ್ತಿದ್ದೆ?" ಎಂದು ದೊಡ್ಡ ಸೊಸೆ ಗುಂಡಿ ಒತ್ತಿದಳು.

ಬೆಳಕು ಕೈಗಳ ಮೇಲೆ ಬಿತ್ತು. ಪರದೆ ಒಮ್ಮೆ ಕಣ್ಣು ಕಿರಿದಾಗಿಸಿದಂತೆ ಮಂಕಾಗಿ ಮತ್ತೆ ತಿಳಿಯಾಯಿತು. ಮಿಡತೆಗಳು ಮಾಯವಾದವು. ಗುಬ್ಬಿಯ ಹತ್ತೂ ಬೆರಳು, ಕಡ್ಡಿಯ ತುದಿ, ನೂಲಿನ ನವಿರು ಎಳೆ ಸಮೇತ ಬೆಣ್ಣೆಯಲ್ಲಿ ಕತ್ತಿ ಆಡಿದಂತೆ ಚಲಿಸಿದವು.

"ಅರೆ! ಒಂದು ದೀಪಕ್ಕೇನಾ?" ಎಂದು ಮೈದುನ ರೂಟರ್ ಬಿಟ್ಟು ಬಂದ.

"ಆಹಾ, ಈಗ ಕಾಣ್ತಿದೆ!" ನೂಲಂಗಡಿಯ ಒಡತಿ ತಕ್ಷಣ ಫೋನು ಮಾಡಿ ಹೇಳಿದಳು; ಮೈದುನ ಅದನ್ನು ಧ್ವನಿ ಜೋರು ಮಾಡಿ ಮೇಜಿನ ಮೇಲಿಟ್ಟ. ಅವಳ ಹಿಂದೆ ಅಂಗಡಿಯ ಹೆಂಗಸರ ಗಲಗಲ ಕೇಳುತ್ತಿತ್ತು. "ನಿಧಾನಕ್ಕೆ ಮಾಡಿ ಗುಬ್ಬಿ. ಆ ಸಾಲಿನ ಕೊನೆ ಮತ್ತೊಂದ್ಸಲ ತೋರಿಸಿ, ಎಲ್ಲರೂ ಅಲ್ಲೇ ಎಡವ್ತಿದ್ದಾರೆ."

ಗುಬ್ಬಿ ತೋರಿಸಿದಳು. ಕಡ್ಡಿ ಸಾಲಿನ ತುದಿಗೆ ಬಂತು, ಕೊನೆಯ ಕುಣಿಕೆಯ ಮುಂದೆ ಒಂದಿಷ್ಟು ತಡವರಿಸಿತು, ಅದನ್ನು ಬಿಟ್ಟು ತಿರುಗಿತು.

ಪರದೆಯ ಪಕ್ಕ ಮಾತುಗಳು ಏರಿದವು.

"ಕೊನೇದು ಬಿಟ್ಟುಹೋಯ್ತಲ್ಲ ಟೀಚರ್?"

"ನನಗೂ ಹಾಗೇ ಕಾಣ್ತು."

"ಅಂದ್ರೆ ನಮ್ಮ ಚೌಕ ಗಾಳಿಪಟ ಆಗಿದ್ದು ವಿಡಿಯೋದಿಂದ ಅಲ್ವಾ?"

ಗುಬ್ಬಿಯ ಕೈ ಇನ್ನೊಮ್ಮೆ ಯತ್ನಿಸಿತು. ಮತ್ತೆ ಅದೇ ಆಯಿತು. ಮೂರನೆಯ ಸಲ ಕೈಗಳು ನೂಲನ್ನು ಮುದುಡಿ ಹಿಡಿದು, ನಿಂತವು. ಮುಖ ಯಾರಿಗೂ ಕಾಣುತ್ತಿರಲಿಲ್ಲ, ಆದರೆ ಆ ಬೆರಳುಗಳನ್ನು ನೋಡಿದರೆ ಅಳುತ್ತಿರುವುದು ಅವೇ ಅನ್ನಿಸುವಂತಿತ್ತು.

ಆಗ ಪಕ್ಕದಿಂದ ಇನ್ನೊಂದು ಜೊತೆ ಕೈ ಚಿತ್ರದೊಳಗೆ ಬಂದವು. ಒಂದರ ಹೆಬ್ಬೆರಳ ಮೇಲೆ ಸುಟ್ಟ ಕಲೆ ಇತ್ತು. ಅವು ನಿಂತ ಕೈಯಿಂದ ಕಡ್ಡಿಯನ್ನು ತೆಗೆದುಕೊಂಡವು. ತಪ್ಪಿದ ಕುಣಿಕೆಯನ್ನು ಹುಡುಕಿ, ಕಡ್ಡಿ ತೂರಿಸಿ, ನೂಲು ಸುತ್ತಿ, ಎಳೆದವು.

 "ಇದು ಯಾರ ಕೈ?" ಎಂದಳು ಒಡತಿ. "ತಡೀರಿ, ಇದು ಮೊದಲಿನ ಟೀಚರ್ ಕೈ ಅಲ್ವಾ? ಎಲ್ಲಿ ಹೋಗಿದ್ರಿ ಇಷ್ಟು ದಿನ?"

"ಇಲ್ಲೇ ಇದ್ದೆ," ಎಂದಳು ದೊಡ್ಡ ಸೊಸೆ. "ಅಡುಗೆಮನೇಲಿ."

ಚಿಕ್ಕ ಸೊಸೆ ಕುರ್ಚಿಯಿಂದ ಎದ್ದಳು. ತಾನಾಗಿಯೇ, ನಾಲ್ಕು ಜನರೆದುರು, ಮುಖ ಮುಚ್ಚಿಕೊಂಡು. ದೊಡ್ಡ ಸೊಸೆ ಬಯಸಿದ್ದು ಒಂದಕ್ಷರವೂ ತಪ್ಪದೆ ಹಾಗೆಯೇ ಆಯಿತು. ಕುರ್ಚಿ ಇನ್ನೂ ಬೆಚ್ಚಗಿತ್ತು.

ಎಲ್ಲರೂ ಊಟಕ್ಕೆ ಕೂತರು. ಬ್ರೆಡ್ಡಿನ ತಟ್ಟೆ ಕೈಯಿಂದ ಕೈಗೆ ದಾಟಿತು. ಕೊನೆಗೆ ಬಾಯಿ ಬಿಟ್ಟವನು ಮೈದುನ.

"ಅತ್ತಿಗೆ, ಅದು ದೀಪ ಅಂತ ನಿಮಗೆ ಮೊದಲೇ ಗೊತ್ತಿತ್ತು. ಅಲ್ವಾ?"

"ಗೊತ್ತಿತ್ತು."

"ನಾನು ಬಾಟಲಿ ಮುಚ್ಚಳ ಇಡೋವಾಗ ನೀವೇ ಹುಡುಕಿ ಕೊಟ್ರಿ!"

"ನೀನು ಕೇಳಿದೆ, ಕೊಟ್ಟೆ."

"ಎಂಥಾ ಹೊಟ್ಟೆಕಿಚ್ಚು ರೀ ನಿಮ್ದು? ಮನೆ ಮಂದೀನೆಲ್ಲ ಕುಣಿಸಿದ್ರಲ್ಲ! ಪಾಪ, ಇವಳು ಎಷ್ಟು ನೊಂದ್ಲು ಗೊತ್ತಾ?"

"ಇವಳನ್ನೇ ಕೇಳು," ಎಂದಳು ದೊಡ್ಡ ಸೊಸೆ. "ದೀಪ ಇಟ್ರೆ ಬೇಡ ಬೇಡ ಅಂತ ಕೈ ಮುಗಿದದ್ದು ಯಾಕೆ ಅಂತ ಕೇಳು."

ಎಲ್ಲರೂ ಚಿಕ್ಕ ಸೊಸೆಯ ಕಡೆ ತಿರುಗಿದರು. ಅವಳು ತಟ್ಟೆಯಲ್ಲಿದ್ದ ಮೊಟ್ಟೆಯನ್ನು ಚಮಚದಿಂದ ಪುಡಿ ಮಾಡುತ್ತಿದ್ದಳು.

"ನನಗೂ ಗೊತ್ತಿತ್ತು," ಎಂದಳು. "ದೀಪ ಹೋದ ದಿನಾನೇ ಗೊತ್ತಾಯ್ತು. ಕೆಳಗೆ ಸೊನ್ನೆ ಅಂತ ತೋರಿಸ್ತಿತ್ತಲ್ಲ, ಓದೋಕೆ ನಂಗೇನು ಬರಲ್ವಾ? ಹಾಗೇ ಇರ್ಲಿ ಅಂತ ಬಿಟ್ಟೆ. ಆ ಕೊನೇ ಕುಣಿಕೆ ನನ್ನ ಕೈಗೆ ಸಿಗೋದೇ ಇಲ್ಲ. ಎಷ್ಟು ಬಿಚ್ಚಿ ಹೆಣೆದ್ರೂ ಸಿಗಲ್ಲ. ದೀಪ ಇದ್ದಾಗ ಸಾಲಿನ ಕೊನೆ ಬಂದ್ರೆ ಕೈ ಚಿತ್ರದಿಂದ ಆಚೆ ಸರಿಸಿ ಹೇಗೋ ಮುಚ್ಚಿಡ್ತಿದ್ದೆ."

"ಬರದೆ ಇದ್ರೆ ಎದ್ದು ಕುರ್ಚಿ ಬಿಡ್ಬೇಕಿತ್ತು!" ದೊಡ್ಡ ಸೊಸೆ ತಟ್ಟೆ ನೂಕಿದಳು. "ನಾನು ಬಂದ ದಿನ ಒಂದು ಮಾತು, ಅಕ್ಕಾ ಕೂತ್ಕೊಳ್ಳಿ ಅಂದಿದ್ರೆ ಸಾಕಿತ್ತು."

"ಈ ಮನೆಗೆ ಬಂದಾಗಿಂದ ನಾನು ಚಿಕ್ಕೋಳು. ಚಿಕ್ಕೋಳೆ ಇದು ತಾ, ಚಿಕ್ಕೋಳೆ ಅದು ತೊಳಿ. ಅಲ್ಲಿ ಯಾರೋ ಮುಖ ನೋಡದೆ ಇರೋರು ಟೀಚರ್ ಅಂದ್ರು. ಬಿಡೋಕೆ ಮನಸ್ಸಾಗ್ಲಿಲ್ಲ." ಅವಳು ತಲೆ ಎತ್ತಿದಳು. ಕಣ್ಣು ಒದ್ದೆಯಾಗಿದ್ದರೂ ದನಿ ಒದ್ದೆಯಾಗಿರಲಿಲ್ಲ. "ನೀವು ನನಗೆ ಹೇಳಿಕೊಡಬಹುದಿತ್ತು, ಅಕ್ಕಾ. ಪಕ್ಕದಲ್ಲಿ ಕೂತು ಆ ಒಂದು ಕುಣಿಕೆ ತೋರಿಸಬಹುದಿತ್ತು. ಅಂಗಡಿ ತುಂಬಾ ಜನರ ಮುಂದೆ ದೀಪ ಹಚ್ಚಿದ್ರಿ. ಇದನ್ನ ನಾನು ಮರೆಯಲ್ಲ."

"ಮರೀಬೇಡ."

ಅತ್ತೆ ಅವರಿಬ್ಬರನ್ನೂ ಒಬ್ಬರಾದ ಮೇಲೊಬ್ಬರಂತೆ ನೋಡಿದರು. ಅವರಿಗೆ ನಿಧಾನವಾಗಿ ಏನೋ ಹೊಳೆಯಿತು.

"ಅಂದ್ರೆ ಇಬ್ಬರಿಗೂ ಗೊತ್ತಿತ್ತು. ನ್ಯಾಯವಾಗಿ ನೋಡಿದ್ರೆ ನನ್ನ ಧಾರಾವಾಹಿಗೂ ಇದಕ್ಕೂ ಸಂಬಂಧಾನೇ ಇರ್ಲಿಲ್ಲ."

ಮೈದುನ ಬ್ರೆಡ್ಡಿನ ತಟ್ಟೆಯನ್ನು ಅವರ ಕಡೆ ಸರಿಸಿದ.

"ಥೂ ನಿಮ್ಮ! ಆ ಹುಡುಗಿಗೆ ಮದುವೆಯಾಗಿ ಮಗು ಆಗಿರುತ್ತೆ ಇಷ್ಟೊತ್ತಿಗೆ!" ಅತ್ತೆ ಎದ್ದು ಹೋಗಿ, ಊಟದ ನಡುವೆಯೇ ಟಿವಿ ಹಾಕಿ, ಪೂರ್ತಿ ಸದ್ದು ಕೊಟ್ಟರು.

ದೊಡ್ಡ ಮಗ ತಗ್ಗಿಸಿದ ತಲೆ ಎತ್ತದೆ ನಕ್ಕ. ಮಾವ ಕೈ ಚಾಚಿ ಮೇಜಿನ ಮೇಲೆ ಉಪ್ಪಿಗೆ ತಡಕಾಡುತ್ತಿದ್ದರು. ಇಬ್ಬರೂ ಸೊಸೆಯರ ಕೈ ಒಟ್ಟಿಗೇ ಉಪ್ಪಿನ ಕಡೆ ಹೋಯಿತು, ಒಂದಕ್ಕೊಂದು ತಾಗಿದ್ದೇ ಎರಡೂ ಹಿಂದಕ್ಕೆ ಬಂದವು. ಮಾವನಿಗೆ ಉಪ್ಪು ಕೊಟ್ಟವನು ದೊಡ್ಡ ಮಗ.

ನೂಲಂಗಡಿಯ ಮಹಡಿಯ ತರಗತಿ ದೊಡ್ಡ ಸೊಸೆಗೆ ಖಾತ್ರಿಯಾಯಿತು. ಮನೆಯ ನೇರಪ್ರಸಾರವೂ ಅವಳದಾಯಿತು. 'ಗುಬ್ಬಿ ಟೀಚರ್' ಎನ್ನುವ ಹೆಸರನ್ನು ಅವಳೇ ಅಳಿಸಿದಳು, ಅಳಿಸುವಾಗ ಯಾರಾದರೂ ನೋಡುತ್ತಿದ್ದಾರೆಯೇ ಎಂದು ತಿರುಗಿಯೂ ನೋಡಲಿಲ್ಲ. ಚಿಕ್ಕ ಸೊಸೆ ಅಡುಗೆಮನೆಗೆ ಹೋದಳು. ಒಂದು ಮಾತು ಎದುರಾಡಲಿಲ್ಲ. ಬಡಿಸುವಾಗ "ಅಕ್ಕಾ, ಇನ್ನೂ ಸ್ವಲ್ಪ?" ಎಂದು ಎಲ್ಲರಿಗಿಂತ ಮೊದಲು ಕೇಳುತ್ತಿದ್ದಳು. ಆ ನಯ ದೊಡ್ಡ ಸೊಸೆಗೆ ಹಿಡಿಸಲಿಲ್ಲ. ಅದನ್ನು ಅವಳು ಎಲ್ಲೋ ಕಂಡಿದ್ದಳು.

ತನ್ನ ಕುರ್ಚಿಗೆ ಮರಳಿದ ಮೊದಲ ತರಗತಿಯ ದಿನ ಅವಳು ತಲೆ ಬಾಚಿ, ಹೊಸ ನೂಲಿನ ಉಂಡೆ ಹಿಡಿದು ಮುಂದಿನ ಕೋಣೆಗೆ ಬರುವುದು ಸ್ವಲ್ಪ ತಡವಾಯಿತು. ಲ್ಯಾಪ್‌ಟಾಪ್ ತೆರೆದು ನೇರಪ್ರಸಾರ ಶುರುಮಾಡಿ, ಕೈ ಮುಂದೆ ಚಾಚಿದಳು.

ಪರದೆಯ ಮೇಲೆ ಅವಳ ಕೈಗಳು ಕುಪ್ಪಳಿಸಿದವು.

"ಅಯ್ಯೋ ಟೀಚರ್, ಮತ್ತೆ ಮಿಡತೆ!" ಎಂದರು ನೋಡುವವರು.

ಮೇಜಿನ ಮೂಲೆ ಖಾಲಿಯಾಗಿತ್ತು.

"ದೀಪ ಎಲ್ಲಿ?" ಎಂದು ಅವಳು ಅಡುಗೆಮನೆಯ ಬಾಗಿಲಿಗೆ ಬಂದು ಕೇಳಿದಳು.

ಚಿಕ್ಕ ಸೊಸೆ ನೆಲದ ಮೇಲೆ ಕೂತು ಆಲೂಗಡ್ಡೆಯ ಸಿಪ್ಪೆ ಹೆರೆಯುತ್ತಿದ್ದಳು. ಸಿಪ್ಪೆ ಎಲ್ಲೂ ತುಂಡಾಗದೆ ಉದ್ದಕ್ಕೆ ಇಳಿಯುತ್ತಿತ್ತು. ಆ ಕೆಲಸದಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ. ಅವಳು ತಲೆಯೆತ್ತಿ, ಇಡೀ ಮನೆಗೆ ಕೇಳುವಂತೆ, ಅಕ್ಕರೆಯಿಂದ ಹೇಳಿದಳು:

"ಮಾವನವರಿಗೆ ಓದೋಕೆ ಬೇಕಲ್ಲ, ಅಕ್ಕಾ."

"ನೋಡು, ಇವಳಿಗೂ ಎಷ್ಟು ಕಾಳಜಿ," ಎಂದರು ಅತ್ತೆ, ಟಿವಿಯಿಂದ ಕಣ್ಣು ತೆಗೆಯದೆ.

ದೊಡ್ಡ ಸೊಸೆ ಹಲ್ಲು ಕಚ್ಚಿಕೊಂಡು ಮಾವನ ಕೋಣೆಗೆ ನಡೆದಳು. ಹಸಿರು ದೀಪ ಝಗಝಗ ಉರಿಯುತ್ತಿತ್ತು. ಅದರ ಕೆಳಗೆ ಮಾವ ಪತ್ರಿಕೆಯನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದು ಕೂತಿದ್ದರು. ಕನ್ನಡಕ ಪಕ್ಕದ ಮೇಜಿನ ಮೇಲೆ ಮಡಚಿ ಬಿದ್ದಿತ್ತು. ಹೆಜ್ಜೆಯ ಸದ್ದಿಗೇ ಅವರಿಗೆ ಬಂದದ್ದು ಯಾರೆಂದು ತಿಳಿಯಿತು.

"ಬಾಮ್ಮ," ಎಂದರು. "ಈ ಮನೇಲಿ ಯಾರಿಗಾದ್ರೂ ಯಾರ ಮೇಲಾದ್ರೂ ಸಿಟ್ಟು ಬಂದ್ರೆ ನನ್ನ ಕೋಣೆಗೆ ಬೆಳಕು ಬರುತ್ತೆ ನೋಡು."

ಪತ್ರಿಕೆಯನ್ನು ಅವರು ಕೆಳಗಿಳಿಸಲಿಲ್ಲ. ದೊಡ್ಡ ಸೊಸೆ ಬಗ್ಗಿ, ಗೋಡೆಗೆ ಚುಚ್ಚಿದ್ದ ದೀಪದ ತಂತಿಯ ಮೇಲೆ ಕೈಯಿಟ್ಟಳು. ಅಡುಗೆಮನೆಯಲ್ಲಿ ಸಿಪ್ಪೆ ಹೆರೆಯುವ ಸದ್ದು ನಿಂತಿತ್ತು.